ಗುಂಡಿ ಡಬ್ಬಿಯಲ್ಲಿ ಉಳಿದ ವಾಂತಿ ಮಾತ್ರೆ

ಟೈಲರಕ್ಕನ ಅಂಗಡಿಯಲ್ಲಿ ಎರಡು ಹೊಲಿಗೆ ಮೆಷಿನ್ನು. ಒಂದು ಅವಳದು, ಇನ್ನೊಂದು ಗಂಡನದು. ಗಂಡ ಕ್ಯಾನ್ಸರ್‌ನಿಂದ ತೀರಿಕೊಂಡು ಒಂದೂವರೆ ವರ್ಷವಾಗಿದೆ. ಚಿಕಿತ್ಸೆಯ ಕಾಲದಲ್ಲಿ ಅವನಿಗೆ ಕೊಟ್ಟಿದ್ದ ವಾಂತಿ ಮಾತ್ರೆಗಳಲ್ಲಿ ಉಳಿದದ್ದನ್ನು ಅಕ್ಕ ಗುಂಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಎಸೆಯಲು ಮನಸ್ಸು ಬರಲಿಲ್ಲ. ಈಗ ಒಬ್ಬಳೇ ಇರುವ ಅವಳು ಬಾಯಿ ತೆರೆಯಬೇಕಾದರೆ ಗಿರಾಕಿ ಬರಬೇಕು. ಬಂದವರೋ ಅಳತೆ ಕೊಟ್ಟು ಹೊರಟುಬಿಡುತ್ತಿದ್ದರು.

ಒಮ್ಮೆ ಅಕ್ಕನಿಗೆ ವಾಂತಿ ಭೇದಿ ಹಿಡಿಯಿತು. ಎರಡು ದಿನ ಕುಡಿದ ನೀರೂ ಒಳಗೆ ನಿಲ್ಲಲಿಲ್ಲ. ‘ಹೇಗಿದ್ದೀಯ’ ಎಂದು ಕೇಳುವವರಿಲ್ಲದ ಮನೆಯಲ್ಲಿ ಕಾಯಿಲೆಯೂ ಭಾರ. ಮೊದಲೇ ಹೃದಯದ ತೊಂದರೆಗೆ ದಿನಾ ಮಾತ್ರೆ ನುಂಗುವವಳು, ಮರುದಿನ ಬೆಳಿಗ್ಗೆ ಗಂಡನ ಮಾತ್ರೆಯನ್ನೂ ಒಂದು ನುಂಗಿದಳು. ವಾಂತಿ ನಿಲ್ಲದಿದ್ದಾಗ ಮಧ್ಯಾಹ್ನದೊಳಗೆ ಇನ್ನೆರಡು.

ಸಂಜೆ, ತಾನು ಹೊಲಿಯಲು ಕೊಟ್ಟಿದ್ದ ಯೂನಿಫಾರ್ಮ್ ಒಯ್ಯಲು ಊರಿನ ಆಸ್ಪತ್ರೆಯ ನರ್ಸ್ ಬಂದಳು.

“ಏನಕ್ಕ, ಮುಖ ಹೀಗೆ ಬಿಳಿಚಿಕೊಂಡಿದೆ?”

“ಏನಿಲ್ಲ ಸಿಸ್ಟರ್, ವಾಂತಿ ಭೇದಿ ಅಷ್ಟೆ. ಎದೆ ಡವಡವ ಅಂತಿದೆ, ಎದ್ರೆ ಕಣ್ಣು ಕತ್ತಲೆ ಬರುತ್ತೆ. ವಾಂತಿ ಮಾತ್ರೆ ತಗೊಂಡಿದ್ದೀನಿ, ಸರಿಹೋಗುತ್ತೆ ಬಿಡಿ.”

“ಯಾರು ಕೊಟ್ರು?”

“ನಮ್ಮೆಜಮಾನ್ರದು.”

ನರ್ಸ್ ಅಕ್ಕನ ನಾಡಿ ಹಿಡಿದು ನೋಡಿದಳು. “ಏಳಿ ಅಕ್ಕ, ಈಗ್ಲೇ ಆಸ್ಪತ್ರೆಗೆ ಹೋಗೋಣ.”

“ವಾಂತಿ ಹೊಟ್ಟೆ ವಿಷಯ. ಎದೆಗೂ ಅದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಅವರು ತಿಂಗಳುಗಟ್ಟಲೆ ನುಂಗಿದ್ರಲ್ಲ!”

“ಅವರಿಗೆ ಡಾಕ್ಟರು ಪರೀಕ್ಷೆ ಮಾಡಿ ಕೊಟ್ಟಿದ್ರು. ಕೆಲವು ವಾಂತಿ ಮಾತ್ರೆ ಎದೆಬಡಿತದ ಲಯ ತಪ್ಪಿಸಬಹುದು. ಹೃದಯದ ಕಾಯಿಲೆ ಇದ್ರೆ, ಕೆಲವು ಬೇರೆ ಮಾತ್ರೆ ಜೊತೆ ಸೇರಿದ್ರೆ ಅಪಾಯ ಜಾಸ್ತಿ. ವಾಂತಿ ಭೇದಿಯಿಂದ ಮೈಯಲ್ಲಿನ ಲವಣಾಂಶವೂ ಇಳಿದಿರುತ್ತೆ, ಅದ್ರಿಂದ್ಲೂ ಲಯ ತಪ್ಪಬಹುದು. ಬನ್ನಿ, ವಾದ ದಾರೀಲಿ ಮಾಡೋಣ.”

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಲಯ ತಪ್ಪಿತ್ತು. ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಸಂಚಕಾರ ಬರುತ್ತಿತ್ತು ಎಂದರು ಡಾಕ್ಟರು. “ಪೇಷಂಟ್ ಜೊತೆ ಯಾರಿದ್ದೀರಿ?” ಎಂದು ಕೌಂಟರಿನವನು ಕೇಳಿದಾಗ ಅಕ್ಕ ನೆಲ ನೋಡಿದಳು.

“ನಾನಿದ್ದೀನಿ, ಬರ್ಕೊಳ್ಳಿ” ಎಂದಳು ನರ್ಸ್. ಅದುವರೆಗೆ ದುಃಖ ಬಿಗಿಹಿಡಿದಿದ್ದ ಅಕ್ಕ ಅಲ್ಲೇ ಅತ್ತುಬಿಟ್ಟಳು.

ಮೂರನೆಯ ದಿನ ಎದೆಬಡಿತ ಹದಕ್ಕೆ ಬಂದ ಮೇಲೆ ಅಕ್ಕನನ್ನು ನರ್ಸ್ ಜೊತೆ ಮನೆಗೆ ಕಳಿಸಿದರು. ಅಕ್ಕ ಗುಂಡಿ ಡಬ್ಬಿಯಿಂದ ಉಳಿದ ಮಾತ್ರೆಗಳ ಸ್ಟ್ರಿಪ್ ತೆಗೆದು ನರ್ಸ್ ಕೈಗಿಟ್ಟಳು. ಆದರೆ ಬೆರಳು ಸಡಿಲಿಸಲಿಲ್ಲ.

“ಇದು ಅವರು ಕೊನೇಲಿ ಮುಟ್ಟಿದ್ದು. ಇದೂ ಹೋದ್ರೆ ನಂಗೇನು ಉಳಿಯುತ್ತೆ ಸಿಸ್ಟರ್?”

“ನೀವು ಉಳೀತೀರಲ್ಲ ಅಕ್ಕ.”

ಅಕ್ಕ ಕೈಬಿಟ್ಟಳು.

ಓದುತ್ತಿರುವ ನೀವೂ ಒಮ್ಮೆ ನಿಮ್ಮ ಮನೆಯ ಕಪಾಟು ತೆರೆದು ನೋಡಿ. ಒಬ್ಬರಿಗೆ ಬರೆದುಕೊಟ್ಟ ವಾಂತಿ ಮಾತ್ರೆಯನ್ನು ಇನ್ನೊಬ್ಬರು ನುಂಗಬೇಡಿ. ಹೃದಯದ ತೊಂದರೆ ಇದ್ದರೆ, ಬೇರೆ ಯಾವುದೇ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರಿಗೂ ಔಷಧಿ ಅಂಗಡಿಯವರಿಗೂ ಮುಚ್ಚುಮರೆಯಿಲ್ಲದೆ ಹೇಳಿ. ಡಾಕ್ಟರು ನಿಮಗೇ ಕೊಟ್ಟ ಮಾತ್ರೆಯನ್ನು ಹೆದರಿ ನಿಲ್ಲಿಸಲೂಬೇಡಿ, ಅವರನ್ನೇ ಕೇಳಿ. ಮಾತ್ರೆ ತೆಗೆದುಕೊಂಡ ಮೇಲೆ ಎದೆ ಡವಗುಟ್ಟಿದರೆ, ತಲೆ ಸುತ್ತಿದರೆ, ಪ್ರಜ್ಞೆ ತಪ್ಪಿದಂತಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಒಬ್ಬರೇ ಇದ್ದೀರಾ? ಸಂಕೋಚ ಬೇಡ, ಪಕ್ಕದ ಮನೆಯ ಬಾಗಿಲು ತಟ್ಟಿ. ನಿಮ್ಮ ಪಕ್ಕದಲ್ಲಿ ಯಾರಾದರೂ ಒಬ್ಬರೇ ಇದ್ದಾರಾ? ಇವತ್ತೇ ಹೋಗಿ, ಹೇಗಿದ್ದೀರಿ ಎಂದು ಕೇಳಿ ಬನ್ನಿ.