ಚಿತ್ತಮ್ಮನ ಹೆಸರು ಹಿಡಿದು

ಇಪ್ಪತ್ತಾರನೇ ವಯಸ್ಸಿಗೇ ಈರಕ್ಕ ಮುದುಕಿಯಾದಳು.

ಸಿರಾದಲ್ಲಿ ನಾಟಕದ ಕಂಪನಿ ಕ್ಯಾಂಪು ಹಾಕಿದ್ದ ವರ್ಷ ಅದು. ಕುರಿ ಹಿಂದೆ ಬಳ್ಳಾರಿ ಕಡೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಮದಲೂರಿನ ಹತ್ತಿರದ ಹಟ್ಟಿಯಿಂದ ಅವಳು ಕಂಪನಿಯವರಿಗೆ ಮುದ್ದೆ ತೊಳಸಲು ಬಂದಿದ್ದಳು. ಮೂರು ವರ್ಷದ ಮಗಳು ಚಿತ್ತಮ್ಮನನ್ನು ಅಕ್ಕ ಗೌರಕ್ಕನ ಮಡಿಲಿಗೆ ಹಾಕಿದ್ದಳು. ತಾಯಿ ಪಾರ್ಟು ಮಾಡುವಾಕೆ ಜ್ವರ ಬಂದು ಮಲಗಿದ ದಿನ ಮಾಲೀಕ ವೃಷಭೇಂದ್ರಪ್ಪ ಒಲೆಯ ಹತ್ತಿರ ಬಂದು ನಿಂತ.

"ಏನಮ್ಮಾ, ಇಲ್ಲಿ ಕೂತು ದಿನಾ ನಾಟ್ಕದ ಮಾತು ಒದರ್ತೀಯಲ್ಲ, ಸ್ಟೇಜ್ ಮ್ಯಾಲೆ ಒದರ್ತೀಯಾ?"

ಅಕ್ಷರ ಬಾರದ ಈರಕ್ಕನಿಗೆ ಇಡೀ ನಾಟಕ ಕಿವಿಯಲ್ಲಿತ್ತು. ತಲೆಗೆ ಸಫೇತಿನ ಬಿಳಿ ಬಣ್ಣ ಬಳಿದರು. ಹಣೆಗೆ ಮಸಿಯಲ್ಲಿ ಗೆರೆ ಎಳೆದರು. ನಲವತ್ತು ದಾಟಿದ ನಾಯಕ ಅವಳ ಕಾಲಿಗೆ ಬಿದ್ದು "ಅಮ್ಮಾ" ಎಂದ. ಜನ ಕಣ್ಣೊರೆಸಿಕೊಂಡರು.

ಆಮೇಲೆ ಅವಳಿಗೆ ಬೇರೆ ಪಾರ್ಟು ಸಿಗಲಿಲ್ಲ. ಮಧುಗಿರಿ, ಕೊರಟಗೆರೆ, ಹೊಳವನಹಳ್ಳಿ, ಎಲ್ಲಿ ಟೆಂಟು ಹಾಕಿದರೂ ಅವಳೇ ತಾಯಿ. ಸಫೇತು ನೆತ್ತಿ ಸುಟ್ಟಿತು, ಕೆನ್ನೆಗೆ ಗಾಯ ಮಾಡಿತು. ಬೈತಲೆಯ ಎರಡೂ ಕಡೆ ಕೂದಲು ಉದುರಿತು. ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬಟ್ಟೆಗೆ ಬಣ್ಣದ ಜೊತೆ ಸಿಪ್ಪೆಸಿಪ್ಪೆಯಾಗಿ ಚರ್ಮವೂ ಬರುತ್ತಿತ್ತು. ಹಟ್ಟಿಗೆ ಹೋದಾಗ ಚಿತ್ತಮ್ಮ ಅವಳ ಕೆನ್ನೆ ಮುಟ್ಟಿ, "ಅವ್ವಾ, ಇದು ಹೊಸಾ ಗಾಯಾನಾ ಹಳೇದಾ?" ಎಂದು ಕೇಳುವಳು.

ಎಪ್ಪತ್ತಮೂರರಲ್ಲಿ ಕಂಪನಿ ಪಾವಗಡದಲ್ಲಿತ್ತು. ಒಂದು ಮಧ್ಯಾಹ್ನ ಹಟ್ಟಿಯ ಓಬಯ್ಯ ಬಸ್ಸಿಳಿದು ಓಡಿ ಬಂದ.

"ಈರಕ್ಕ, ಮಗೀಗೆ ವಾಂತಿ ಭೇದಿ. ಕಣ್ಣು ಮ್ಯಾಕೆ ಮಾಡೈತೆ. ಹೊರಡವ್ವ."

ವೃಷಭೇಂದ್ರಪ್ಪ ಬಾಗಿಲಿಗೆ ಅಡ್ಡ ನಿಂತ. "ಅಮಲ್ದಾರರು ಮನೆ ಮಂದೀನೆಲ್ಲ ಕರ್ಕಂಡು ಬರ್ತಾವ್ರೆ. ತಾಯಿ ಇಲ್ದೆ ನಾಟ್ಕ ಹೆಂಗಮ್ಮ ಆಡ್ಲಿ? ಆಟ ಮುಗೀಲಿ, ನನ್ ಕಾರಲ್ಲೇ ಕಳಿಸ್ತೀನಿ. ಆಣೆ."

ಅವಳು ಬಣ್ಣ ಹಚ್ಚಿದಳು. ಯಾರದೋ ಮಗ ಜೈಲಿಗೆ ಹೋದದ್ದಕ್ಕೆ ಅತ್ತಳು. ಜನ ಒನ್ಸ್ ಮೋರ್ ಕೂಗಿದರು, ಇನ್ನೊಮ್ಮೆ ಅತ್ತಳು. ಆಟ ಮುಗಿಯಿತು. ಕಾರು ಅಮಲ್ದಾರರ ಮನೆಯವರನ್ನು ಬಿಡಲು ಹೋಗಿತ್ತು.

ಬೆಳಗಿನ ಮೊದಲ ಬಸ್ಸು ಹಿಡಿದು ಅವಳು ಹಟ್ಟಿ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕಳ್ಳಿಬೇಲಿಯ ಆಚೆ ಎರಡು ಮೊಳದುದ್ದದ ಹಸಿ ಮಣ್ಣಿನ ದಿಬ್ಬ. ಮೇಲೊಂದು ಕಲ್ಲು.

ಗೌರಕ್ಕ ಅವಳ ಮುಖ ನೋಡಲಿಲ್ಲ. "ನಾವು ಅಳ್ಲಿಲ್ಲ ಕಣೇ," ಎಂದಳು.

ಈರಕ್ಕನಿಗೆ ಅದರ ಅರ್ಥ ಗೊತ್ತಿತ್ತು. ಅವರ ಹಟ್ಟಿಯಲ್ಲಿ ಸಾವಿಗೆ ಹೆಂಗಸರು ಹಾಡಿ ಅಳುತ್ತಾರೆ. ಮಗು ಸತ್ತರೆ ಹೆತ್ತವಳೇ ಮೊದಲು ಹೆಸರು ಹಿಡಿದು ಕರೆಯಬೇಕು. ಅವಳು ಕರೆದ ಮೇಲೆ ಉಳಿದವರು ದನಿ ಕೂಡಿಸಬೇಕು. ಹೆತ್ತವಳು ಬಾಯಿ ಬಿಡದೆ ಬೇರೆಯವರು ಅಳುವಂತಿಲ್ಲ. ಮಣ್ಣು ಮುಚ್ಚಿದ ಮೇಲೆ ಅಲ್ಲಿ ಕೂತು ಅಳುವಂತೆಯೂ ಇಲ್ಲ. ಹೆಂಗಸರು ಸೆರಗು ಕಚ್ಚಿಕೊಂಡು ಹೊತ್ತೇರುವವರೆಗೆ ರಸ್ತೆ ನೋಡಿದ್ದರು. ಕೊನೆಗೆ ಗಂಡಸರು ಗುದ್ದಲಿ ಎತ್ತಿಕೊಂಡರು. ಐದು ವರ್ಷದ ಚಿತ್ತಮ್ಮ ಯಾರೂ ಅಳದೆ ಮಣ್ಣಿಗೆ ಹೋದಳು.

ನಾಲ್ಕನೇ ದಿನ ಕಂಪನಿಯಿಂದ ಜನ ಬಂತು. ಹೊಟ್ಟೆಪಾಡಿತ್ತು. ಅವಳು ಹೋದಳು.

ಮುಂದೆ ಎಂಟು ವರ್ಷ ಅವಳು ಸ್ಟೇಜಿನ ಮೇಲೆ ಎಷ್ಟು ಮಕ್ಕಳಿಗೆ ಅತ್ತಳೋ! ಬೆಳಕಿಗೆ ಬಂದರೆ ಸಾಕು, ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಬಣ್ಣ ಒರೆಸಿ ಒಬ್ಬಳೇ ಕೂತಾಗ ಮಾತ್ರ ಒಂದು ಹನಿಯೂ ಬರುತ್ತಿರಲಿಲ್ಲ. ತನ್ನ ಅಳುವೂ ಕಂಪನಿಯ ಪೆಟ್ಟಿಗೆಯಲ್ಲೇ ಇದೆಯೇನೋ, ಕಿರೀಟ ಕತ್ತಿಗಳ ಜೊತೆ ಅದಕ್ಕೂ ಬೀಗ ಹಾಕುತ್ತಾರೇನೋ ಎಂದು ಒಮ್ಮೊಮ್ಮೆ ಅನಿಸುವುದು.

ಎಂಬತ್ತೊಂದರಲ್ಲಿ ಸಿನಿಮಾದವರು ಮಧುಗಿರಿ ಬೆಟ್ಟದ ಬುಡದಲ್ಲಿ ಶೂಟಿಂಗಿಗೆ ಬಂದರು. ಕಂಪನಿ ಅಷ್ಟು ಹೊತ್ತಿಗೆ ಮುಚ್ಚಿತ್ತು. ಸಿನಿಮಾದವರ ಮ್ಯಾನೇಜರು ಜಯರಾಮಯ್ಯ ಕೊರಟಗೆರೆ ಕಡೆಯವನು, ಈರಕ್ಕನ ನಾಟಕ ನೋಡಿದ್ದವನು. ಅವನೇ ಕರೆಸಿದ. ಮಗಳು ಸತ್ತ ತಾಯಿಯ ಪಾರ್ಟು. ಸಫೇತು ಬಳಿಯಲು ಬಂದ ಹುಡುಗಿ ಅವಳ ತಲೆ ನೋಡಿ ಡಬ್ಬಿ ಮುಚ್ಚಿದಳು. ಕೂದಲು ನಿಜವಾಗಿಯೇ ಬೆಳ್ಳಗಾಗಿತ್ತು.

"ಬರ್ಕೊಂಡಿರೋ ಡೈಲಾಗು ಬ್ಯಾಡ," ಎಂದರು ಡೈರೆಕ್ಟರು. "ನಿಮ್ಮೂರಲ್ಲಿ ಹ್ಯಾಗೆ ಅಳ್ತೀರೋ ಹಾಗೆ ಅಳಮ್ಮ. ಮಗಳ ಹೆಸರು ಗೀತಾ, ನೆನಪಿರಲಿ."

ಬಿಳಿ ಬಟ್ಟೆ ಹೊದಿಸಿ ಐದಾರು ವರ್ಷದ ಹುಡುಗಿಯೊಬ್ಬಳನ್ನು ಮಲಗಿಸಿದ್ದರು. ಬಟ್ಟೆಯಿಂದಾಚೆಗೆ ಸಣ್ಣ ಪಾದಗಳು ಕಾಣುತ್ತಿದ್ದವು. ಈರಕ್ಕ ಆ ಪಾದ ಹಿಡಿದಳು.

"ಕಟ್ಟಿದ ಜಡೆ ಕಟ್ದಂಗೇ ಐತೆ, ಚಿತ್ತಮ್ಮಾ... ಬಾಗ್ಲಾಗೆ ನಿಂತು ಎಷ್ಟು ದಾರಿ ನೋಡ್ದೆ, ಚಿತ್ತಮ್ಮಾ... ದಾರಿ ಸವೆದ್ರೂ ನಿಮ್ಮವ್ವ ಬರ್ಲಿಲ್ಲ, ಚಿತ್ತಮ್ಮಾ..."

ಹತ್ತು ವರ್ಷದಲ್ಲಿ ಒಂದು ಮಾತೂ ತಪ್ಪಿರದ ಈರಕ್ಕ ಅವತ್ತು ಹೆಸರು ತಪ್ಪಿದಳು. ತಪ್ಪಿದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಲೈಟು ಹಿಡಿದವನು ಅಳುತ್ತಿದ್ದ. ಮುಗಿದ ಮೇಲೆ ಜಯರಾಮಯ್ಯ ಮೆಲ್ಲಗೆ, "ಸಾರ್, ಗೀತಾ ಅನ್ಲಿಲ್ಲ," ಎಂದ.

"ಇರ್ಲಿ ಬಿಡ್ರೀ. ಡಬ್ಬಿಂಗಲ್ಲಿ ನೋಡ್ಕೊಳ್ಳೋಣ."

'ಇರಲಿ ಬಿಡಿ' ಎಂದದ್ದು ಈರಕ್ಕನಿಗೆ ಕೇಳಿಸಿತು. ಡಬ್ಬಿಂಗ್ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ನಾಟಕದಲ್ಲಿ ಬಾಯಿಂದ ಹೋದ ಮಾತು ಹೋದಂತೆಯೇ, ಆಮೇಲೆ ಬದಲಾಗದು.

ಅವಳು ಹಟ್ಟಿಗೆ ಬಂದು ಗೌರಕ್ಕನಿಗೆ ಹೇಳಿದಳು. "ಅಕ್ಕಾ, ಕರ್ದೆ ಕಣೇ. ಹೆಸ್ರು ಹಿಡಿದು ಕರ್ದೆ. ಪಿಕ್ಚರ್ ಬಂದಾಗ ಎಲ್ರೂ ಹೋಗಾಣ. ನೀವು ಕೇಳ್ಬೇಕು."

ಮರುವರ್ಷ ಸಿರಾದ ಟಾಕೀಸಿಗೆ ಆ ಸಿನಿಮಾ ಬಂತು. ಹನ್ನೊಂದು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ಮ್ಯಾಟಿನಿಗೆ ಹೊರಟರು. ಬಸ್ಸಿನಲ್ಲಿ ನೆರೆಮನೆಯ ಪುಟ್ಟಕ್ಕ ತಮಾಷೆ ಮಾಡಿದಳು: "ಈರಕ್ಕ, ಪರದೆ ಮ್ಯಾಗಿಂದ ನಮ್ನ ಗುರುತು ಹಿಡೀತೀಯೇನೇ? ಇಲ್ಲ, ದೊಡ್ಡೋಳಾಗ್ಬುಟ್ಟೆ ಅಂತ ಮಕ ತಿರುವ್ತೀಯಾ?" ಈರಕ್ಕ ನಕ್ಕಳು.

ಸಿನಿಮಾದ ಪ್ರಿಂಟಿನ ಜೊತೆ ಬಂದಿದ್ದ ಜಯರಾಮಯ್ಯ ಗೇಟಿನಲ್ಲೇ ಇದ್ದ. ಅವಳನ್ನು ಕಂಡು ಗಲಿಬಿಲಿಗೊಂಡ. "ನೀವ್ಯಾಕೆ ಇಷ್ಟು ದೂರ ಬರಕ್ಕೆ ಹೋದ್ರಿ?"

"ನನ್ ಅಳು ಕೇಳಾಕೆ ಕಣಪ್ಪ."

ಅವನು ಏನೋ ಹೇಳಲು ಬಾಯಿ ತೆರೆದ. ಆಟದ ಬೆಲ್ ಹೊಡೆಯಿತು.

ಹೆಂಗಸರ ಬೆಂಚುಗಳಲ್ಲಿ ಎಲ್ಲರೂ ಒತ್ತೊತ್ತಾಗಿ ಕೂತರು. ಇಂಟರ್‌ವಲ್ ಆದ ಮೇಲೆ ಆ ಸೀನು ಬಂತು. ಪರದೆಯ ತುಂಬ ಈರಕ್ಕನ ಮುಖ. ಕೆನ್ನೆಯ ಹಳೇ ಗಾಯ ಅಂಗೈಯಗಲ ಕಂಡಿತು. ಬಾಯಿ ತೆರೆಯಿತು. ಪಿಟೀಲು ಕೇಳಿತು. ಜೇನಿನಂಥ ದನಿಯೊಂದು ತಾಳ ತಪ್ಪದೆ ಹಾಡಿತು:

"ಬಾಗಿಲಲಿ ನಿಂತು ಹಾದಿಯ ನೋಡಿದೆಯಾ, ಗೀತಾ..."

ಮಾತು ಅವಳವೇ. ಯಾರೋ ತೊಳೆದು, ಬಾಚಿ, ಪೌಡರ್ ಹಾಕಿದ್ದರು. ದನಿ ಅವಳದಲ್ಲ. ಮಗಳೂ ಅವಳವಳಲ್ಲ.

"ಇದ್ಯಾರೇ ಗೀತಾ?" ಪುಟ್ಟಕ್ಕ ಕೇಳಿದಳು.

ಗೌರಕ್ಕ ಪರದೆಯನ್ನೇ ನೋಡುತ್ತಿದ್ದಳು. ಅವಳ ಉಗುರು ಈರಕ್ಕನ ತೋಳಿಗೆ ಚುಚ್ಚಿತು. "ಬಾಯಿ ನೋಡ್ರೇ! ಅವಳ ಬಾಯಿ ನೋಡ್ರೇ! ಚಿತ್ತಮ್ಮ ಅಂತೈತೆ!"

ಹೌದು. ತುಟಿ ಆ ಹೆಸರಿಗೇ ಕೂಡುತ್ತಿತ್ತು, ಬಿಡುತ್ತಿತ್ತು. ಅದರ ಮೇಲೆ ಬೇರೆ ಹೆಸರು ಹರಿದು ಹೋಗುತ್ತಿತ್ತು. ಪಾವಗಡದ ಆ ಬಾಗಿಲು ಈರಕ್ಕನ ಕಣ್ಣ ಮುಂದೆ ಬಂತು. ಅಡ್ಡ ನಿಂತವರು ಬೇರೆ, ಅಷ್ಟೇ.

ಅವಳು ಎದ್ದು ನಿಂತಳು.

"ಕಟ್ಟಿದ ಜಡೆ ಕಟ್ದಂಗೇ ಐತೆ, ಚಿತ್ತಮ್ಮಾ..."

ಸಾವಿರ ಜನಕ್ಕೆ ಮೈಕಿಲ್ಲದೆ ಕೇಳಿಸಿದ್ದ ದನಿ ಅದು. ಪಿಟೀಲು ಅದರಡಿ ಮುಳುಗಿತು.

"ಏ, ಬೈಠೋ ಅಮ್ಮಾ, ಬೈಠೋ!" ಗೇಟಿನವನು ಕೂಗಿದ. ಹಿಂದಿನ ಗಂಡಸರು ಸಿಳ್ಳೆ ಹಾಕಿದರು. ಜಯರಾಮಯ್ಯ ಟಾರ್ಚು ಹಿಡಿದು ಓಡಿ ಬಂದ. ಬೆಳಕು ಅವಳ ಮುಖಕ್ಕೆ ಬಿತ್ತು.

"ಈರಕ್ಕಾ, ಪಿಕ್ಚರ್ ನಡೀತೈತೆ, ಕೂತ್ಕಳ್ರಿ. ನಿಮ್ ಭಾಷೆ ಸರಿ ಬರಲ್ಲ ಅಂತ ಬೆಂಗ್ಳೂರ್ನೋರ ಕೈಲಿ ಹಾಡಿಸಿದ್ರು. ನಾನೇನ್ ಮಾಡ್ಲಿ?"

"ಸತ್ತೋಳು ನನ್ ಮಗಳು ಕಣಪ್ಪ. ನನ್ ಭಾಷೇನಾಗೇ ಸತ್ತಿದ್ದು."

"ಜನ ಬೈತಾವ್ರೆ..."

"ಲೇ, ಬೆಳಕು ತಗಿ ಆ ಕಡೆ!" ಗೌರಕ್ಕ ಅಬ್ಬರಿಸಿ ಎದ್ದಳು. "ಒಂಬತ್ತು ವರ್ಸ ಆತು ನಾವು ಸೆರಗು ಕಚ್ಕಂಡು. ಕರೀಲಿ ಬುಡು ಅವಳು."

ಈರಕ್ಕ ಕರೆದಳು. "ಬಾಗ್ಲಾಗೆ ನಿಂತು ಎಷ್ಟು ದಾರಿ ನೋಡ್ದೆ, ಚಿತ್ತಮ್ಮಾ..."

"ನಮ್ಮವ್ವಾ, ಚಿತ್ತಮ್ಮಾ..." ಗೌರಕ್ಕ ದನಿ ಕೂಡಿಸಿದಳು. ಪುಟ್ಟಕ್ಕ ಎದ್ದಳು. ಒಬ್ಬೊಬ್ಬರಾಗಿ ಹನ್ನೊಂದು ಜನವೂ ಎದ್ದರು. ಮುಂದಿನ ಬೆಂಚಿನಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಸೆರಗು ತಲೆಗೆಳೆದುಕೊಂಡು ತಾನೂ ನಿಂತಳು. ಮೇಲೆ ಆಪರೇಟರು ಸೌಂಡು ಏರಿಸಿದ. ಹೆಂಗಸರು ಅದಕ್ಕಿಂತ ಮೇಲೆ ಎತ್ತಿದರು. ಸಿಳ್ಳೆ ನಿಂತು ಎಷ್ಟು ಹೊತ್ತಾಯಿತೋ ಯಾರೂ ಗಮನಿಸಲಿಲ್ಲ.

ಸಿನಿಮಾ ತನ್ನ ಪಾಡಿಗೆ ಮುಂದಕ್ಕೆ ಹೋಯಿತು. ಸೀನು ಬದಲಾಯಿತು. ಪರದೆಯ ಮೇಲೆ ಹೀರೋ ಮೋಟರ್ ಬೈಕು ಹತ್ತಿ ಯಾವುದೋ ತೋಟದಲ್ಲಿ ಹಾಡುತ್ತ ಹೊರಟ. ಹೆಂಗಸರ ಬೆಂಚಿನ ಕಡೆ ಮಗು ಇನ್ನೂ ಮಣ್ಣಿಗೆ ಇಳಿಯುತ್ತಿತ್ತು.