ಬಾನೆಟ್ ಮೇಲಿನ ಜಾಗ

ಹಳಿಯಾಳದಿಂದ ಗಣೇಶಗುಡಿಗೆ ಹೋಗುವ ಶಂಕ್ರಪ್ಪನ ಬಸ್ಸಿನಲ್ಲಿ, ಡ್ರೈವರ್ ಪಕ್ಕದ ಬಾನೆಟ್ ಎಂದರೆ ಸತ್ತೆವ್ವನ ಜಾಗ. ಗಣೇಶಗುಡಿಯ ಹೋಮ್‌ಸ್ಟೇಯಲ್ಲಿ ಪಾತ್ರೆ ತೊಳೆಯುವ ಆ ಮುದುಕಿಗೆ ಮೊಣಕಾಲು ನೋವು. ಕೆಳಗಿನ ಎಂಜಿನ್ನಿನ ಕಾವು ಅವಳಿಗೆ ಹಿತ. ಕಳೆದ ವಾರ ಬಾನೆಟ್ ಸಂದಿಯಿಂದ ಬಿಸಿ ಡೀಸೆಲ್ ಚಿಮ್ಮಿ ಅವಳ ಪಾದದಲ್ಲಿ ಬೊಬ್ಬೆಗಳು ಎದ್ದವು. ಬಸ್ಸಿನ ಮಾಲೀಕನೂ ಡ್ರೈವರನೂ ಆದ ಶಂಕ್ರಪ್ಪ ಒಂದು ಮುಲಾಮು ಕೊಟ್ಟು, "ಬೆಚ್ಚಗ ಬೇಕಂತಿದ್ದಿಯಲ್ಲಬೇ" ಎಂದು ಎಲ್ಲರನ್ನೂ ನಗಿಸಿದ. ಮೆಕ್ಯಾನಿಕ್ ನಬೀಸಾಬನೂ ಹಲ್ಲು ಕಿರಿದ.

ನಾಚಿಕೆಗೇಡಿನ ನಗು ಅದು. ಅದಕ್ಕೆ ಎರಡು ದಿನ ಮೊದಲೇ ಬಂದ ಬಸ್ ಕಂಪನಿಯ ಪತ್ರವನ್ನು ನಬೀಸಾಬನೇ ಓದಿದ್ದ. ಈ ಎಂಜಿನ್ನುಗಳ ಡೀಸೆಲ್ ಪೈಪು ಬಿರುಕು ಬಿಡುತ್ತಿದೆ, ಬೆಂಕಿ ಹತ್ತಬಹುದು, ಓಡಿಸಬೇಡಿ, ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಪುಕ್ಕಟೆ ಬದಲಿಸಿಕೊಡುತ್ತೇವೆ ಎಂದು ಅದರಲ್ಲಿತ್ತು.

"ಲಗ್ನದ ಸೀಜನ್ನಾಗ ನಾಕ್ ದಿನಾ ಬಸ್ ನಿಲ್ಸಾಕ ನನಗೇನ್ ಹುಚ್ಚ ಹಿಡದೈತೇನು?" ಎಂದಿದ್ದ ಶಂಕ್ರಪ್ಪ. "ನಿನ್ನಂಥಾ ಕೈ ಇರೂಮುಂದ ಕಂಪನಿ ಯಾಕ ಬೇಕೋ ನಬೀಸಾಬ? ಏನರ ಸುತ್ತಿ ಬಿಗಿ."

ಹೊಗಳಿದರೆ ಸಾಕು, ಉಬ್ಬಿಹೋಗುವ ಆಸಾಮಿ ನಬೀಸಾಬ. ಪೈಪಿಗೆ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, ಕೈ ಒರೆಸಿಕೊಂಡಿದ್ದ.

ಈ ಹೊತ್ತು ಬೆಳಿಗ್ಗೆ ಅವನ ತಾಯಿ ಹಾಜಿರಾಬಿ ದಾಂಡೇಲಿಯ ಮಗಳ ಮನೆಗೆಂದು ಅದೇ ಬಸ್ಸು ಹತ್ತಿದಳು. "ಮೆಕ್ಯಾನಿಕ್‌ನ ತಾಯಿ, ಮುಂದ ಬರ್ರಿ" ಎಂದು ಶಂಕ್ರಪ್ಪ ಸತ್ತೆವ್ವನನ್ನು ಎಬ್ಬಿಸಿ, ಆಕೆಯನ್ನು ಬಾನೆಟ್ ಮೇಲೆ ಕೂರಿಸಿದ. ಚಹಾ ಕುಡಿಯುತ್ತಿದ್ದ ನಬೀಸಾಬ ಲೋಟ ಅಲ್ಲೇ ಬಿಟ್ಟ. ಓಡಿಬಂದ.

"ಅಮ್ಮಾ, ಇಳಿ. ಸರಕಾರಿ ಬಸ್ಸಿಗೆ ಹೋಗೂಣು."

"ಯಾಕಪ್ಪಾ, ಇದು ನೀನ ರಿಪೇರಿ ಮಾಡಿದ ಬಸ್ ಅಲ್ಲೇನು?"

"ಹೇಳಿದಷ್ಟು ಕೇಳು."

ಕೈ ಹಿಡಿದು ಇಳಿಸಿಯೇಬಿಟ್ಟ. ಸತ್ತೆವ್ವ ಕುಂಟುತ್ತಾ ಹೋಗಿ ಬಾನೆಟ್ ಮೇಲೆ ಕುಳಿತಳು. "ಪುಣ್ಯಾ ಬರ್ಲಿ ನಿನಗ. ನನ್ನ ಜಾಗಾ ನನಗ ಬಿಡಿಸಿಕೊಟ್ಟಿ."

ಹಾಜಿರಾಬಿ ಮಗನ ಮುಖ ನೋಡಿದಳು. ಸತ್ತೆವ್ವನ ಪಾದಕ್ಕೆ ಸುತ್ತಿದ ಬಟ್ಟೆ ನೋಡಿದಳು.

"ನಾ ಕುಂದರಬಾರದ ಜಾಗಾದಾಗ ಆಕಿ ಕುಂದರಬಹುದೇನು?"

ಹಾಜಿರಾಬಿ ಮತ್ತೆ ಬಸ್ಸು ಹತ್ತಿ, ಸತ್ತೆವ್ವನನ್ನು ಒತ್ತಿಕೊಂಡು ಕುಳಿತಳು. "ಬಿಡ್ರಿ ಶಂಕ್ರಪ್ಪಾರ, ಬಸ್ ಬಿಡ್ರಿ."

ಎಂಜಿನ್ ಶುರುವಾಯಿತು. ನಬೀಸಾಬ ಬಸ್ಸಿಗೆ ಅಡ್ಡ ನಿಂತ.

"ಎಲ್ಲಾರೂ ಇಳೀರಿ. ಡೀಸೆಲ್ ಪೈಪ್ ಒಡದೈತಿ, ಬೆಂಕಿ ಹತ್ತತೈತಿ. ಕಂಪನಿ ಪತ್ರ ಬಂದೈತಿ. ನನಗ ಗೊತ್ತಿತ್ತು."

ಜನ ಬಿದ್ದು ಎದ್ದು ಇಳಿದರು. ಶಂಕ್ರಪ್ಪ ಎಂಜಿನ್ ಆರಿಸಿ ಬಂದವನೇ ಅವನ ಕೆನ್ನೆಗೆ ಬಿಗಿದು, ಇನ್ನು ಹಳಿಯಾಳದಲ್ಲಿ ಯಾರೂ ನಿನಗೆ ಕೆಲಸ ಕೊಡದಂತೆ ಮಾಡುತ್ತೇನೆ ಎಂದು ಕೂಗಾಡಿದ. ನಬೀಸಾಬ ಬಸ್ಸು ಹತ್ತಿ ಬಾನೆಟ್ ಎತ್ತಿ, ತಾನು ಬಿಗಿದ ತಂತಿಯನ್ನು ಇಕ್ಕಳದಿಂದ ಕತ್ತರಿಸಿದ. ಡೀಸೆಲ್ ನೆಲಕ್ಕೆ ಸುರಿಯತೊಡಗಿತು. ಇನ್ನು ಆ ಬಸ್ಸು ಹೊರಡುವಂತಿರಲಿಲ್ಲ.

"ಎಷ್ಟ ದಿನಾತು ಗೊತ್ತಾಗಿ?" ಕೇಳಿದಳು ಸತ್ತೆವ್ವ.

"ಒಂಬತ್ತ ದಿನಾ."

"ದಿನಾ ನಾ ಎಲ್ಲಿ ಕುಂದರ್ತಿದ್ದೆ ಅನ್ನೂದೂ ಗೊತ್ತಿತ್ತಲ್ಲಾ?"

"ಗೊತ್ತಿತ್ತಬೇ."

"ಇವತ್ತ ನಿಮ್ಮವ್ವ ಬರದಿದ್ರ?"

ನಬೀಸಾಬ ಬಗ್ಗಿ ತಂತಿಯ ತುಂಡುಗಳನ್ನು ಹೆಕ್ಕತೊಡಗಿದ. ಹಾಜಿರಾಬಿ ಸತ್ತೆವ್ವನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದು ಸರಕಾರಿ ಬಸ್ಸಿನ ಕಡೆ ಹೊರಟಳು. ಮಗನನ್ನು ಕರೆಯಲಿಲ್ಲ.