ಆರನೆಯ ಚೀಟಿ

ಬೆರಳುದ್ದದ ಆ ಚೀಟಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದಪ್ಪ ಕಾಗದ, ನೇರವಾಗಿ ಕತ್ತರಿಸಿದ ಅಂಚು, ಒಂದು ಮೂಲೆಯಲ್ಲಿ ಮಾಸಿದ ಅರಿಸಿನ. ಅಂಥ ಆರು ಚೀಟಿಗಳನ್ನು ಚನ್ನಿಗಪ್ಪನವರು ದಿನಾ ಬೆಳಿಗ್ಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಮ್ಮ ವಿದ್ಯುತ್ ಕೇಂದ್ರಕ್ಕೆ ಬರುತ್ತಿದ್ದರು.

ಅವರು ರಿಲೇ ಮೆಕ್ಯಾನಿಕ್. ನಾನು ಆಗತಾನೇ ಸೇರಿದ್ದ ಎಂಜಿನಿಯರ್. ಹುದ್ದೆಯಲ್ಲಿ ಅವರಿಗಿಂತ ಮೇಲೆ, ಕೆಲಸದಲ್ಲಿ ಅವರ ಕಾಲಿನ ಧೂಳಿಗೂ ಸಮನಲ್ಲದವನು. ಎರಡನೆಯದು ನನಗಾಗ ತಿಳಿದಿರಲಿಲ್ಲ. ರಿಲೇಯ ಗಾಜಿಗೆ ಹದವಾಗಿ ಉಸಿರೂದಿ, ಪಂಚೆಯ ಚುಂಗಿನಿಂದ ಒರೆಸಿ, “ನೋಡಿ ಸಾರ್, ಈಗ ಮುಖ ಕಾಣ್ತದೆ” ಎಂದು ನಗುತ್ತಿದ್ದ ಅವರನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ರಿಲೇ ಎಂದರೆ ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ. ಎಲ್ಲಾದರೂ ತಂತಿ ಹರಿದು ಬಿದ್ದರೆ ಅದರೊಳಗಿನ ಬಿಲ್ಲೆ ತಿರುಗಿ, ಎರಡು ಬೆಳ್ಳಿಯ ಮೊನೆಗಳು ಕೂಡಿ, ಆ ಲೈನಿನ ಕರೆಂಟು ನಿಲ್ಲುತ್ತದೆ. ಪರೀಕ್ಷಿಸುವಾಗ ಪ್ರತಿಸಲವೂ ಅಂಗಳದ ದೊಡ್ಡ ಸ್ವಿಚ್ಚು ದಡಾರನೆ ಬೀಳಬಾರದೆಂದು ಮೊನೆಗಳ ನಡುವೆ ಚೀಟಿ ಸಿಕ್ಕಿಸುತ್ತಿದ್ದೆವು. ಕೊನೆಗೆ ಅದನ್ನು ತೆಗೆಯಲೇಬೇಕು. ಮರೆತರೆ, ತಂತಿ ಯಾರ ಮೈಮೇಲೆ ಬಿದ್ದರೂ ರಿಲೇ ಸುಮ್ಮನಿರುತ್ತದೆ.

ಆ ದಿನ ಹೊಸ ಲೈನಿಗೆ ಆರು ರಿಲೇ ಕೂರಿಸಿ ಪರೀಕ್ಷಿಸಿದ್ದೆವು. ನಾಲ್ಕು ಗಂಟೆಗೆ ಕರೆಂಟು ಬಿಡಬೇಕು. ದೊಡ್ಡ ಸಾಹೇಬರು ಆಗಲೇ ಹಾರ ಹಾಕಿಸಿಕೊಂಡಿದ್ದರು. ಚನ್ನಿಗಪ್ಪನವರು ಮೇಜಿನ ಮೇಲೆ ಚೀಟಿ ಎಣಿಸಿದರು. ಐದೇ ಇದ್ದವು.

“ಸಾರ್, ಕೊನೇ ರಿಲೇ ನೀವು ನೋಡಿದ್ರಿ. ಚೀಟಿ ತೆಗೆದ್ರಾ?”

“ತೆಗ್ದೆ. ಎಲ್ಲೋ ಗಾಳಿಗೆ ಹಾರಿರ್ಬೇಕು,” ಎಂದೆ. ತೆಗೆದ ನೆನಪೇನೂ ನನಗಿರಲಿಲ್ಲ. ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ, ಅಷ್ಟೆ.

“ಆರನೇದು ಕೈಗೆ ಬರೋವರ್ಗೂ ನಾನು ಸಹಿ ಹಾಕಲ್ಲ.”

ಸಾಹೇಬರು ಕೆಂಡಾಮಂಡಲವಾದರು. “ಚೂರು ಕಾಗದಕ್ಕೆ ಇಷ್ಟು ರಂಪಾನಾ? ಎಂಜಿನಿಯರೇ ತೆಗ್ದೆ ಅಂತಿದಾರಲ್ರೀ!”

“ಬೇಕಾದ್ರೆ ಕೆಲಸದಿಂದ ತೆಗೀರಿ ಸ್ವಾಮಿ. ಐದು ಚೀಟಿ ಹಿಡ್ಕೊಂಡು ನಾನು ಮನೆಗೆ ಹೋಗೋ ಹಂಗಿಲ್ಲ.”

ಮಾತು ವಿಚಿತ್ರವೆನಿಸಿತು. ಆದರೆ ಅವರ ತುಟಿ ಅದುರುತ್ತಿದ್ದುದನ್ನು ಕಂಡು ನನ್ನ ಜಂಬ ಇಳಿಯಿತು. ಹೋಗಿ ಕೊನೆಯ ರಿಲೇಯ ಗಾಜು ಬಿಚ್ಚಿದೆ. ಚೀಟಿ ಮೊನೆಗಳ ನಡುವೆ ಹಾಯಾಗಿ ಕೂತಿತ್ತು. ಕಿಟಕಿಯಾಚೆ, ಆ ಲೈನಿನ ಕೆಳಗೇ, ಸಂತೆಯಿಂದ ಜನ ಮರಳುತ್ತಿದ್ದರು.

ಹೊರಗೆಳೆದಾಗ ಅದರ ಮೇಲಿನ ಅಚ್ಚಕ್ಷರ ಕಂಡಿತು: ‘ಚಿ. ರಾ. ರೇವಣ್ಣ’. ಲಗ್ನಪತ್ರಿಕೆಯ ತುಂಡು.

ಕರೆಂಟು ಬಿಟ್ಟು, ಲಾಡು ಹಂಚಿ ಆಯಿತು. ನಾನು ಚನ್ನಿಗಪ್ಪನವರ ಜೊತೆಯಲ್ಲೇ ಹೊರಟೆ. ದಾರಿಯಲ್ಲಿ ಆ ಹೆಸರು ಯಾರದೆಂದು ಕೇಳಿದೆ.

“ನನ್ನ ಅಳಿಯ ಆಗಬೇಕಾಗಿದ್ದೋನು. ನಮ್ಮ ಲೈನ್‌ಮ್ಯಾನೇ. ಪತ್ರಿಕೆ ಅಚ್ಚಾಗಿ ಬಂದಿತ್ತು. ಆ ಸಂಭ್ರಮದಲ್ಲಿ ನಾನು ಒಂದು ಚೀಟಿ ಮರೆತೆ. ಮಾರನೇ ದಿನ ಅವನ ಮೇಲೇ ತಂತಿ ಬಿತ್ತು. ಯಾರಿಗೂ ಗೊತ್ತಾಗಿರ್ಲಿಲ್ಲ. ನಾನೇ ಮಗಳಿಗೆ ಹೇಳ್ದೆ. ಮೂರು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೊಂದು ಬೆಳಿಗ್ಗೆ ಉಳಿದಿದ್ದ ಪತ್ರಿಕೇಲಿ ಆರು ಚೀಟಿ ಕತ್ತರಿಸಿ ಕೈಗಿಟ್ಲು. ಅವತ್ತಿಂದ ಸಂಜೆ ಎಣಿಸಿ ತಗೋತಾಳೆ.”

ಮಗಳು ಪಾರ್ವತಿ ಮನೆಯ ಬಾಗಿಲಲ್ಲೇ ಕಾದಿದ್ದಳು. ಐದನ್ನು ತಂದೆ ಕೊಟ್ಟರು; ಆರನೆಯದು ನನ್ನ ಕೈಯಲ್ಲಿತ್ತು.

“ಇದನ್ನ ಮರೆತೋನು ನಾನಮ್ಮ,” ಎಂದೆ. “ತೆಗ್ದೆ ಅಂತ ಸುಳ್ಳೂ ಹೇಳಿದ್ದೆ.”

ಅವಳು ನನ್ನನ್ನೇ ನೋಡಿದಳು. ಆ ನೋಟದ ಎದುರು ನಿಲ್ಲುವುದು ಸುಲಭವಿರಲಿಲ್ಲ.

“ನಾಳೆಯಿಂದ ನೀವೂ ಒಂದ್ಸಲ ಎಣಿಸಿ ಸಾರ್,” ಎಂದಳು.

ಚೀಟಿಯನ್ನು ಸೆರಗಿನಲ್ಲಿ ಒರೆಸಿ, ಹೆಸರಿದ್ದ ಮಗ್ಗುಲನ್ನು ಮೇಲಕ್ಕೆ ತಿರುಗಿಸಿ, ಡಬ್ಬಿಯಲ್ಲಿ ಉಳಿದ ಐದರ ಮೇಲಿಟ್ಟು ಮುಚ್ಚಳ ಹಾಕಿದಳು.